ನಡುಹೊಲ

ಹತ್ತೊಂಬತ್ತು ವರ್ಷ ಇದೇ ನಕಾಶೆ ಬಿಚ್ಚಿ
ಇದೇ ಮೊಳೆಗೆ ತೂಗುಹಾಕಿದವಳು ನಾನು,
ಓಗನ್ನೆ, ಮೊಯಾಬಾನಾ ಕಡೆಯ ಹಳ್ಳಿಶಾಲೆಯ ಭೂಗೋಳದ ಟೀಚರ್.
ಕೋಲಿನ ತುದಿಯಲ್ಲಿ ಜಪಾನ್ ಮುಟ್ಟಿ, ಚಿಲಿ ಮುಟ್ಟಿ,
ಕೆಂಪು ಗೆರೆಗಳ ಮೇಲೆ ಮಕ್ಕಳನ್ನು ನಡೆಸಿ ಹೇಳುತ್ತಿದ್ದೆ:
ಜಗಳ ಆಗುವುದು ಬದುವಿನಲ್ಲಿ,
ಎರಡು ಹೊಲ ಸೇರುವಲ್ಲಿ.
ನಾವು ನಡುಹೊಲದವರು.
ಬೋಟ್ಸ್ವಾನಾದ ಮೇಲೆ ಗೆರೆ ಎಲ್ಲಿದೆ, ತೋರಿಸಿ ನೋಡೋಣ?
ಮಕ್ಕಳು ಹುಡುಕಿ, ಸಿಗದೆ, ನಗುತ್ತಿದ್ದರು.
ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಅದು.
ಯಾರೂ ತಪ್ಪು ಬರೆಯುತ್ತಿರಲಿಲ್ಲ.

ಏಪ್ರಿಲ್ ತಿಂಗಳ ಸೋಮವಾರ.
ರಾತ್ರಿ ಎಂಟಕ್ಕೆ ಇನ್ನೂ ಇಪ್ಪತ್ತು ನಿಮಿಷ.
ಒಲೆಯ ಮೇಲೆ ಜೋಳದ ಅಂಬಲಿ ಕೊತಗುಟ್ಟುತ್ತಿತ್ತು.
ಮೊದಲು ಬಂದದ್ದು ಸದ್ದು,
ತುಂಬಿದ ಲಾರಿ ನೆಲದ ಕೆಳಗಿಂದ ಹಾದಂತೆ.
ನಮ್ಮೂರಿಗೆ ಲಾರಿ ಬರುವುದು ಗುರುವಾರ
ಎಂದು ಯೋಚಿಸುವಷ್ಟರಲ್ಲಿ
ಎನಾಮೆಲ್ ಬಟ್ಟಲುಗಳು ಗೂಟ ಬಿಟ್ಟಿಳಿದವು,
ಕುರ್ಚಿ ತಾನೇ ಬಾಗಿಲ ಕಡೆ ಹೊರಟಿತು,
ನಾನು ಅದರ ಹಿಂದೆ.

ಅಂಗಳಕ್ಕೆ ಬಂದರೆ ಊರೆಲ್ಲ ಅಂಗಳದಲ್ಲಿ.
ದೊಡ್ಡಿಯ ದನ ಕೂಗಲಿಲ್ಲ, ಓಡಲಿಲ್ಲ.
ಕಾಲು ಅಗಲಿಸಿ ನಿಂತಿದ್ದವು,
ದೋಣಿ ಹತ್ತಿದವರು ನಿಲ್ಲುವ ಹಾಗೆ;
ಕಡಲು ಕಾಣದ ದೇಶದ ದನ, ಯಾರು ಕಲಿಸಿದರೋ.
ಎದುರುಮನೆಯ ಮುದುಕ ಗಾವೊಲಾಥೆ
ಅರ್ಧ ಮುಖಕ್ಕೆ ಸೋಪು, ಕೈಯಲ್ಲಿ ಕ್ಷೌರದ ಕತ್ತಿ,
'ಗಣಿಯವರು' ಅಂದ, 'ಗಣಿಯವರದೇ ಕೆಲಸ.'
ಗಣಿ ಇರುವುದು ಒಂದು ಹಗಲಿನ ದಾರಿಯಾಚೆ.
ಯಾರೂ ನಗಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು,
ಭೂಗೋಳ ಓದಿದವಳು ನಾನೊಬ್ಬಳೇ.
ನನಗೆ ನೆನಪಾದದ್ದು
ಆ ಒಂದು ಅಂಕದ ಪ್ರಶ್ನೆ.

ಸತ್ತವರಿಲ್ಲ. ಶಾಲೆಯ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು.
ವಾರದ ಮೇಲೆ ಲೊಬಾಟ್ಸೆಯಿಂದ ಜೀಪು ಬಂತು.
ಥೂಸೊ ಎಂಬ ಹುಡುಗ, ಧೂಳು ಮೆತ್ತಿದ ಕನ್ನಡಕ,
ಸೀಮೆಸುಣ್ಣ ಇಡುವ ಕೋಣೆಯಲ್ಲಿ ಒಂದು ಪೆಟ್ಟಿಗೆ ಹೂಳಿದ,
ನೆಲದ ನಾಡಿ ಹಿಡಿಯಲು.
ಅವನಿಗೆ ಚಹಾ ಕೊಟ್ಟು ಕೇಳಿದೆ, ಟೀಚರಾಗಿ ಅಲ್ಲ,
ತಪ್ಪು ಪಾಠ ಮಾಡಿ ಸಿಕ್ಕಿಬಿದ್ದವಳಾಗಿ:
ಗೆರೆ ಎಲ್ಲಪ್ಪಾ?
ಅವನು ಲೋಟ ಕೆಳಗಿಟ್ಟ.
'ಇದೂ ಒಂದು ಕಾಲಕ್ಕೆ ಬದುವೇ, ಮೇಡಂ.
ಇನ್ನೂರು ಕೋಟಿ ವರ್ಷದ ಹಿಂದೆ ಎರಡು ನೆಲ
ಇಲ್ಲೆಲ್ಲೋ ಗುದ್ದಾಡಿ ಒಂದಾದವು.
ಆಮೇಲೆ ಉತ್ತು ಸಮ ಮಾಡಿದಂತೆ.
ನಕಾಶೆಗೆ ಮರೆತಿದೆ.'

ಬದು ಉತ್ತರೆ ಬದು ಹೋಗುತ್ತದೆಯೇ.

ಅಪ್ಪ ತೀರಿದ ಮೂರನೆಯ ದಿನ, ನೆಂಟರೆಲ್ಲ ಕೂತಿರುವಾಗ,
ಅಮ್ಮ ಇದ್ದಕ್ಕಿದ್ದಂತೆ ಎದ್ದು ಕೂಗಿದ್ದಳು:
'ಎಂಟು ಅಂದಿದ್ದಿರಿ, ಏಳೇ ಬಂದದ್ದು!'
ತೆರದ ದನದ ಲೆಕ್ಕ.
ಐವತ್ತೆರಡು ವರ್ಷ ಹಿಂದಿನ ಒಂದು ಕಡಸು.
ಅತ್ತೆಗೆ ಬಡಿಸಿದಳು, ಐವರನ್ನು ಹೆತ್ತಳು,
ಅಪ್ಪನ ಉಗುರು ಕತ್ತರಿಸಿದಳು ಕೊನೆತನಕ;
ಒಂದು ದಿನವೂ ಸ್ವರ ಏರಿಸಿದವಳಲ್ಲ.
ವಯಸ್ಸಾಯಿತು ಅಂದುಕೊಂಡೆವು. ಗುಳಿಗೆ ಕೊಡಿಸಿದೆವು.
ಈಗ ಅನಿಸುತ್ತದೆ,
ಕೇಳಬೇಕಿತ್ತು ಆ ಕಡಸಿನ ಬಣ್ಣ.

ಪೆಟ್ಟಿಗೆ ಇನ್ನೂ ಇದೆ. ನಮಗೆ ತಿಳಿಯದ ನಡುಕ
ಅದಕ್ಕೆ ತಿಳಿಯುತ್ತದಂತೆ ದಿನಕ್ಕೆ ಹತ್ತು ಸಲ.
ಸೀಮೆಸುಣ್ಣ ತರಲು ಹೋದವರು
ಮೆಲ್ಲಗೆ ಕಾಲಿಡುತ್ತೇವೆ, ಕೂಸು ಮಲಗಿದ ಮನೆಯಂತೆ.

ನಿನ್ನೆ ಪರೀಕ್ಷೆ. ಪ್ರಶ್ನೆ ತೆಗೆದುಹಾಕಬೇಕಿತ್ತು, ಮರೆತೆ.
ದನದ ಹಟ್ಟಿಯಿಂದ ಎರಡು ಗಂಟೆ ನಡೆದು ಬರುವ ತ್ಶೆನೊಲೊ
ಬರೆದು ಉತ್ತರಿಸಿಲ್ಲ.
ನಕಾಶೆಯ ಮೇಲೆ ಗೆರೆ ಎಳೆದಿದ್ದಾನೆ, ಕೆಂಪು ಪೆನ್ನಿನಲ್ಲಿ:
ಅವನಪ್ಪನ ಹಟ್ಟಿ ಇರುವಲ್ಲಿಂದ ಶುರುವಾಗಿ
ಕೊಳವೆಬಾವಿ, ಶಾಲೆ, ನನ್ನ ಮನೆ ಎಲ್ಲ ಹಾದು
ಕಾಗದ ಮುಗಿದರೂ ನಿಲ್ಲದೆ.
ಸಂಜೆ ಹೋಗಿ ನೋಡಿದೆ. ಅವನ ಡೆಸ್ಕಿನ ಹಲಗೆಯ ಮೇಲೂ
ಒಂದು ಗೇಣು ಮುಂದುವರಿದಿದೆ.

ತಿದ್ದಲು ನನ್ನ ಕೈಯಲ್ಲಿರುವುದೂ ಕೆಂಪು ಪೆನ್ನೇ.
ಅಂಕ ಇನ್ನೂ ಹಾಕಿಲ್ಲ.