ಒಂದು, ಮೂರು, ನಾಲ್ಕು, ಎರಡು

ಡಬ್ಬಿಯ ಮೇಲೆ ‘ಇಗ್ನಿಷನ್’ಗೆ ಒಂದು ಅಕ್ಷರ ಕಮ್ಮಿ.
ಕನ್ನಡಕ ಇಲ್ಲದೆಯೂ ಕಂಡಿತು ನನಗೆ,
ತಹಶೀಲ್ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಬೆರಳ ತುದಿಯಿಂದ ಓದಿದವಳು.
ಕಂಡೂ ಕೊಂಡೆ.
ಸೂಪರ್ ಮಾರ್ಕೆಟ್ಟಿನ ಘೀಸೂಲಾಲ
‘ಸೀಲು ನೀವೇ ಒಡೀರಿ ಬಾಯಾರ’ ಅಂದಿದ್ದ,
ಹೊಲೊಗ್ರಾಮನ್ನು ಬಿಸಿಲಿಗೆ ಹಿಡಿದು ತೋರಿಸಿದ್ದ.
ಅವನದೇನು ತಪ್ಪು,
ಅವನೂ ಡಬ್ಬಿಯನ್ನಷ್ಟೇ ಕಂಡವನು.

ಕಾರು ಅಂಬಾಸಿಡರ್, ಎಪ್ಪತ್ತೆಂಟರದ್ದು,
ಬಿಳಿ ಬಣ್ಣ ಮುದಿ ಹಲ್ಲಿನ ಹಾಗೆ ಹಳದಿ.
ಕಂಡಮ್ ಆದಾಗ ಹರಾಜಿನಲ್ಲಿ ನಾನು ಕೈ ಎತ್ತಿದ್ದಕ್ಕೆ
ಇಡೀ ಕಚೇರಿ ನಕ್ಕಿತ್ತು.
ಇದರ ಲಾಗ್‌ಬುಕ್ಕಿನ ಹಾಳೆ ಹಾಳೆಯೂ ನಾನೇ ಹೊಡೆದದ್ದು:
ಇಷ್ಟು ಕಿಲೋಮೀಟರು, ಇಷ್ಟು ಲೀಟರು,
ಉದ್ದೇಶ: ಸ್ಥಳ ಪರಿಶೀಲನೆ.
ಸಾಹೇಬರ ಷಡ್ಡಕನ ಮನೆಯಲ್ಲಿ ಶೀಕರಣಿ ಊಟವೆಂದು ಗೊತ್ತಿದ್ದೂ.

ಈ ಬೇಸಿಗೆ ಮೂರು ಸಲ ನಿಂತಿದೆ.
ಮೂರೂ ಸಲ ಸೇಡಂ ರಸ್ತೆ,
ದಾಲ್ ಮಿಲ್ಲುಗಳ ಧೂಳು ದಾಟಿ ಹನ್ನೆರಡನೇ ಕಿಲೋಮೀಟರು.
ಕೆಮ್ಮಿಲ್ಲ, ಬಿಕ್ಕಿಲ್ಲ,
ವಾಕ್ಯದ ನಡುವೆ ರಿಬ್ಬನ್ ಹರಿದ ಹಾಗೆ.
ಬೇವಿನಡಿ ಅರ್ಧ ಗಂಟೆ ಕೂತರೆ
ಏನೂ ಆಗಿಲ್ಲವೆಂಬಂತೆ ಮತ್ತೆ ಶುರು.
‘ಕಂಡೆನ್ಸರ್ ಹೋಗ್ಯಾದ್ರಿ’ ಅಂದ ಲಾಡ್ಲೇಸಾಬ ಮಿಸ್ತ್ರಿ.
ಹೊಸದಲ್ಲೇನಪ್ಪ?
‘ಹೊಸದು ಅದ, ಅದಕೇ ಹೋಗ್ಯಾದ.’

ಎರಡನೆಯದು. ಮೂರನೆಯದು.
ಪಾಯಿಂಟುಗಳು ಸುಟ್ಟು ಕಪ್ಪಾದವು;
ಕಡ್ಡಿಪೆಟ್ಟಿಗೆಯ ಮಗ್ಗುಲಿಂದ ಉಜ್ಜಿ,
ಯಾರದೋ ಲಗ್ನಪತ್ರಿಕೆ ಮಡಿಚಿ ಸಂದು ಅಳೆದ.
ಆಮೇಲೆ ಅಂದ: ‘ರಾತ್ರಿ ಬರ್ರಿ.
ಈ ಬ್ಯಾನಿ ಬೆಳಕಿನಾಗ ಕಾಣಂಗಿಲ್ಲ.’

ಹೋದೆ. ಬಲ್ಬು ಆರಿಸಿದ.
ಟೋಪಿ ಬಿಚ್ಚಿ, ಹೊಸ ರೋಟರಿನ ನೆತ್ತಿಯ ಮೇಲೆ
ದಪ್ಪ ತಂತಿಯನ್ನು ಬಟ್ಟೆಯ ಕ್ಲಿಪ್ಪಿನಲ್ಲಿ ಹಿಡಿದ,
ಕಡಲೆಬೇಳೆಯಷ್ಟು ಮೇಲೆ.
‘ಪಾಯಿಂಟ್ ಬಿಡಸ್ರಿ, ಸ್ಕ್ರೂಡ್ರೈವರಲೆ.’
ಬಿಡಿಸಿದೆ.
ಚಟ್! ನೀಲಿ ಕಿಡಿ.
ಬಂತು, ಬಂತು ಅಂತ ನಾನು ಕೂಗಿದರೆ
ಕತ್ತಲಲ್ಲಿ ಅವನ ನಿಟ್ಟುಸಿರು.
‘ಬರಬಾರದಿತ್ರಿ ಅದು.
ರೋಟರು ಗಟ್ಟಿ ಇದ್ರ ಕಿಡಿಗೆ ಇಳಿಯೋ ದಾರಿ ಇರಲ್ಲ.
ಕಪ್ಪು ಬರಲೆಂತ ಪ್ಲಾಸ್ಟಿಕ್ಕಿಗೆ ಕಾಡಿಗಿ ಸುರದಾರ.
ಒಳಗಿಂದೊಳಗೆ ಸೋರಿ ಮಣ್ಣಿಗೆ ಹೋಗ್ತದ.’

ನಾನು ಸುಮ್ಮನಾದೆ.
ಕಿಡಿ ಕಂಡಲ್ಲೆಲ್ಲ ಬೆಂಕಿ ಅಂದುಕೊಂಡ
ನನ್ನ ವಯಸ್ಸಿಗೆ ಸ್ವಲ್ಪ ನಾಚಿಕೆ.

ಜ್ಯಾಕಿ ಹುಡುಕಲು ಹಿಂದಿನ ಸೀಟು ಎತ್ತಿದಾಗ
ಸಿಕ್ಕಿತು ಒಂದು ಬಿಸ್ಕೀಟಿನ ಡಬ್ಬಿ.
ಡ್ರೈವರ್ ಸಾಯಬಣ್ಣನದು, ತೀರಿಕೊಂಡು ಒಂಬತ್ತು ವರ್ಷ.
ಒಳಗೆ ಒಂದು ರೋಟರು, ಎರಡು ಕಂಡೆನ್ಸರು,
ಸುತ್ತಿದ ಕಾಗದ ನನ್ನದೇ ಕಾರ್ಬನ್ ಪ್ರತಿ:
‘ಸದರಿ ವಾಹನದ ಹಳೆಯ ಬಿಡಿಭಾಗಗಳನ್ನು
ನಿರುಪಯುಕ್ತವೆಂದು ಪರಿಗಣಿಸಿ ನಾಶಪಡಿಸಲಾಗಿದೆ.’
ಕೆಳಗೆ ಮೂಲೆಯಲ್ಲಿ ಸು.ಬಾ., ಸುಗಲಾಬಾಯಿ, ನಾನು.
ಎಷ್ಟು ಚೆಂದ ಹೊಡೆದಿದ್ದೆ, ಒಂದೂ ತಪ್ಪಿಲ್ಲದೆ.

ಲಾಡ್ಲೇಸಾಬ ಪೆಟ್ರೋಲಿನಲ್ಲಿ ಅದ್ದಿ ಒರೆಸಿದ.
ಕ್ಲಿಪ್ಪು ಹಿಡಿದ. ಬಿಡಿಸಿದೆ. ಏನಿಲ್ಲ.
ಇನ್ನೊಮ್ಮೆ. ಏನೂ ಇಲ್ಲ.
ಬರೀ ಕತ್ತಲು, ದೂರದ ರೈಲು,
ಮತ್ತು ಅವನ ‘ಶಾಬಾಸ್’.

ಮರುದಿನ ಸೇಡಂ ರಸ್ತೆ. ಹತ್ತು. ಹನ್ನೊಂದು.
ಕಿವಿಯೆಲ್ಲ ಬಾನೆಟ್ಟಿನ ಕೆಳಗೆ:
ಒಂದು, ಮೂರು, ನಾಲ್ಕು, ಎರಡು,
ಲೆಕ್ಕ ಗೊತ್ತಿಲ್ಲದ ಮಗುವಿನ ಹಾಗೆ ಎಣಿಸುತ್ತ
ಹನ್ನೆರಡು ದಾಟಿತು. ಬೇವಿನ ಮರವೂ ಹಿಂದಾಯಿತು.
ಮಳಖೇಡದ ಸೇತುವೆಯ ಮೇಲೆ
ಕಾಗಿಣೆಯಲ್ಲಿ ನೀರಿರಲಿಲ್ಲ, ಎಮ್ಮೆಗಳಿದ್ದವು.
ಯಾಕೆ ಬಂದೆ ಇಲ್ಲಿಯವರೆಗೆ?
ಕೆಲಸವೇನೂ ಇರಲಿಲ್ಲ.
ಸಿಮೆಂಟು ವಾಸನೆಯ ಗಾಳಿಯಲ್ಲಿ ಇಂಜಿನ್ ಆರಿಸಲು ಧೈರ್ಯ ಬಾರದೆ
ಚಾಲೂ ಇಟ್ಟೇ ಹಳೆಯ ಲಾಗ್‌ಬುಕ್ಕು ತೆಗೆದು
ಉಳಿದಿದ್ದ ಖಾಲಿ ಸಾಲಿನಲ್ಲಿ ಪೆನ್ನಿಂದ ಬರೆದೆ:
ಉದ್ದೇಶ: ಸ್ಥಳ ಪರಿಶೀಲನೆ.
ಈ ಸಲ ಖರೇ.