ಎಡಗಿವಿಯ ಅಳತೆ

ಸಿದ್ದಾಪುರ ಪೇಟೆಯ ಹಂಝಾಕನ ಅಂಗಡಿಯಲ್ಲಿ ಕೊಂಡಾಗ
ಡಬ್ಬಿಯೊಳಗೆ ಮೂರು ಜೊತೆ ರಬ್ಬರು ಟೋಪಿ:
ಮೆಣಸುಕಾಳಿನಷ್ಟು, ಕಡಲೆಯಷ್ಟು, ಕಾಫಿಹಣ್ಣಿನಷ್ಟು.
ನಡುವಿನದು ತಾನೇ ತೊಟ್ಟುಕೊಂಡು ಬಂದಿತ್ತು,
ನಾನು ಬದಲಿಸಲಿಲ್ಲ.
ಚಪ್ಪಲಿಯಾದರೆ ನಾಲ್ಕು ಹೆಜ್ಜೆ ನಡೆದು ನೋಡುತ್ತೇನೆ,
ಬಳೆಯಾದರೆ ಕೈ ಚಾಚುತ್ತೇನೆ;
ಕಿವಿಗೂ ಅಳತೆಯುಂಟೆಂದು
ಯಾರೂ ಹೇಳಿರಲಿಲ್ಲ.

ನನ್ನ ಕೆಲಸ, ಕೇಳುವುದು.
ಮಾಲ್ದಾರೆಯ ಕಾಡಂಚಿನ ಎರಡು ಮರಕ್ಕೆ ಎರಡು ಮೈಕು.
ಹೊಳೆಬದಿಯ ಮತ್ತಿ ನನ್ನ ಎಡಗಿವಿಗೆ,
ಕೆರೆಯ ಏರಿಯದು ಬಲಗಿವಿಗೆ.
ಬೆಳಗಿನ ಜಾವ ಮೂರರಿಂದ
ಮರ ಕೇಳಿದ್ದನ್ನು ನಾನಿಲ್ಲಿ ಕೂತು ಕೇಳುತ್ತೇನೆ.
ಪಟ್ಟಿಯಲ್ಲಿ ಒಂದೇ ಅಂಕಣ, ಆನೆ.
ಅದರ ಕೆಳಗೆ ಉಂಟು, ಅಥವಾ ಇಲ್ಲ.
ಆರೂವರೆಗೆ ಸಂದೇಶ ಹೋಗಬೇಕು,
ಏಳಕ್ಕೆ ಲೈನ್‌ಮನೆಯಿಂದ ಹಣ್ಣು ಕುಯ್ಯುವವರು ಹೊರಡುತ್ತಾರೆ.

ಜನವರಿಯ ಹನ್ನೊಂದು ರಾತ್ರಿ
ಎಡಗಿವಿಯಲ್ಲಿ ಜೀರುಂಡೆ, ನತ್ತಿಂಗ,
ಎಲೆಯಿಂದ ಎಲೆಗೆ ಬೀಳುವ ಇಬ್ಬನಿ.
ಎಲ್ಲವೂ ತೆಳ್ಳಗೆ, ತಗಡಿನ ಮೇಲೆ ಉಗುರೆಳೆದ ಹಾಗೆ.
ಎಷ್ಟು ಸ್ವಚ್ಛ ಕೇಳುತ್ತದೆ ಅಂದುಕೊಂಡೆ.
ಇಲ್ಲ ಬರೆದೆ. ಇಲ್ಲ. ಇಲ್ಲ.

ಹನ್ನೆರಡನೆಯ ದಿನ ಸೆಲುವಿ ಫೋನು ಮಾಡಿದಳು:
'ನೀವು ಇಲ್ಲ ಅಂದ ದಿನವೇ ಮೇಡಂ,
ನಮ್ಮ ನೀರಿನ ಪೈಪು ತುಳಿದು ಹೋಗಿದೆ.
ಬೈನೆ ಮರ ಸೀಳಿ ಹಾಕಿದೆ.
ಲದ್ದಿ ಇನ್ನೂ ಬಿಸಿ ಇತ್ತು.'
ಬೈದಿದ್ದರೆ ಒಳ್ಳೆಯದಿತ್ತು.

ಬೆಳ್ಯಪ್ಪ ವಯರು ಬದಲಿಸಿದರು, ಮೈಕು ಬದಲಿಸಿದರು.
ಹಂಝಾಕ ಟಾರ್ಚು ಹಿಡಿದು
ನನ್ನ ಕಿವಿಯೊಳಗೆ ಬಾವಿ ನೋಡುವಂತೆ ಬಗ್ಗಿ ನೋಡಿದರು.
'ಬಲದ್ದು ಸಣ್ಣ, ಎಡದ್ದು ದೊಡ್ಡ.
ಸಂದಿ ಉಂಟಲ್ಲ, ದಪ್ಪ ಸ್ವರ ಅಲ್ಲೇ ಹೊರಗೆ ಹೋಗ್ತದೆ.
ಸಪೂರ ಸ್ವರ ಹೇಗಾದ್ರೂ ಬರ್ತದೆ, ಅದಕ್ಕೆ ನಾಚಿಕೆ ಇಲ್ಲ.
ಪುಟ್ಟಿನ ಕೊಳವೆ ಪಾತ್ರೆ ಮೇಲೆ ಸರಿ ಕೂರದಿದ್ರೆ
ಹಬೆ ಬದಿಯಲ್ಲೇ ಹೋಗಿ ಪುಟ್ಟು ಹಸಿ ಉಳಿಯೋದಿಲ್ವಾ, ಹಾಗೆ.'

ಎಡಕ್ಕೆ ಸ್ಪಂಜಿನದು ಕೊಟ್ಟರು, ದೊಡ್ಡದು, ಹಳದಿ.
ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ತೂರಿಸಿ,
ಮೂವತ್ತು ಎಣಿಸಬೇಕು.
ಎಣಿಸಿದೆ.
ನೆನೆಸಿಟ್ಟ ಬೀಜದ ಹಾಗೆ ಅದು ಒಳಗೆ ಉಬ್ಬಿತು.
ಮೊದಲು ಫ್ಯಾನು ಹೋಯಿತು.
ಆಮೇಲೆ ವಿರಾಜಪೇಟೆ ಬಸ್ಸಿನ ಹಾರನ್ನು.
ಆಮೇಲೆ ಹಂಝಾಕ; ತುಟಿ ಮಾತ್ರ ಆಡುತ್ತಿತ್ತು.

ನಾಲ್ಕನೆಯ ತಾರೀಖಿನ ರಾತ್ರಿಯನ್ನು ಮತ್ತೆ ಹಾಕಿದೆ.
ಅದೇ ಜೀರುಂಡೆ, ಅದೇ ನತ್ತಿಂಗ,
ಈಗ ಅವು ನಿಲ್ಲಲು ಕೆಳಗೊಂದು ನೆಲ.
ನಾಲ್ಕು ಹತ್ತಕ್ಕೆ
ಆ ನೆಲವೇ ಅಲುಗಿತು.
ಸದ್ದೆನ್ನಲಾರೆ. ಲಾರಿಯೊಂದು ದೂರದಲ್ಲಿ ನಿಂತು
ಎಂಜಿನ್ನು ಆರಿಸದೆ ಯಾರನ್ನೋ ಕಾಯುವಂತೆ.
ನಿಂತಿತು. ಉಸಿರು.
ಹೊಳೆಯಾಚೆಯಿಂದ ಇನ್ನೊಂದು, ಉತ್ತರ.
ಅವು ಮತ್ತಿಯ ಬುಡದಲ್ಲೇ ಇದ್ದವು,
ಹನ್ನೊಂದರಲ್ಲಿ ಒಂಬತ್ತು ರಾತ್ರಿ.
ಅಷ್ಟು ದೊಡ್ಡ ಜೀವ
ಒಂದು ಎಳೆ ದಾರದಷ್ಟು ಸಂದಿಯಲ್ಲಿ
ಸೋರಿ ಹೋಗಿತ್ತು.

ಪಟ್ಟಿ ತೆಗೆದು ಒಂಬತ್ತು ಇಲ್ಲಗಳನ್ನು ಹೊಡೆದೆ.
ಉಂಟು ಎಂದು ಬರೆಯಲು ಕೈ ಬರಲಿಲ್ಲ,
ಆ ಬೆಳಗುಗಳಲ್ಲಿ ನಾನು ಹಾಗೆ ಹೇಳಿರಲಿಲ್ಲವಲ್ಲ.
ಅಂಚಿನಲ್ಲಿ ಬರೆದೆ:
ಕೇಳಿಸಲಿಲ್ಲ. ಎಡಗಿವಿ. ರಬ್ಬರು ಸಣ್ಣದು.
'ಇದಕ್ಕೆ ಅಂಕಣ ಇಲ್ಲ' ಅಂದರು ಬೆಳ್ಯಪ್ಪ.
ಆದರೂ ಹರಿಯಲಿಲ್ಲ.

ಈಗ ಕಡಲೆ ಬಲಕ್ಕೆ, ಸ್ಪಂಜು ಎಡಕ್ಕೆ.
ಇಷ್ಟು ಬಿಗಿ ಮುಚ್ಚಿದರೆ ನಾನೂ ಕೇಳಿಸುತ್ತೇನೆ:
ದವಡೆಯ ಕೀಲು, ಕತ್ತು ತಿರುಗಿಸಿದರೆ ಮರಳು,
ಗಂಟಲಲ್ಲಿ ಇಳಿಯುವ ಕಾಫಿ.
ಬಿಸ್ಕತ್ತು ಬಿಟ್ಟಿದ್ದೇನೆ.
ಮೊನ್ನೆ ನನ್ನದೇ ಹೊಟ್ಟೆ ಗುಡುಗುಡಿಸಿದ್ದಕ್ಕೆ
ಉಂಟು ಎಂದು ಕಳಿಸಿಬಿಟ್ಟೆ.
ನಲವತ್ತು ಜನ ಒಂಬತ್ತರವರೆಗೆ ತೋಟಕ್ಕಿಳಿಯಲಿಲ್ಲ.
ಸೆಲುವಿ ಅಂದು ತಲೆಗೆ ನೀರು ಹಾಕಿಕೊಂಡು
ಎಳೆಬಿಸಿಲಿಗೆ ಕೂದಲು ಹರಡಿ
ಕೂತಿದ್ದಳಂತೆ.