ಎರಡನೆಯ ಹುಟ್ಟು

ರೇಡಿಯೋ ಸ್ವಲ್ಪ ಸಣ್ಣ ಮಾಡಿ ಮೇಷ್ಟ್ರೇ.
ಅಕ್ರಾದಲ್ಲಿ ಕೂತು ಮಾತಾಡುವ ಆ ಮನುಷ್ಯನಿಗೆ
ಗಂಟಲು ದೊಡ್ಡದು, ಸರೋವರ ಅವನು ಕಂಡಿಲ್ಲ.

ಉಪಾಧ್ಯಕ್ಷೆಯಾಗಲು ಮಾವುಸಿಗೇನು ಯೋಗ್ಯತೆ ಅಂತಾನೆ.
ಲಂಡನ್ನಿನ ಪದವಿಯಿಲ್ಲ,
ಬ್ಯಾಂಕಿನ ತಣ್ಣನೆ ಕೋಣೆಯಲ್ಲಿ ಕೂತವಳಲ್ಲ,
ಅವಳ ಇಂಗ್ಲಿಷೋ, ಒಣಮೀನು ಮುರಿದ ಸದ್ದು.
ಇಪ್ಪತ್ತೆರಡು ವರ್ಷ ಡಂಬಾಯ್ ಕಡವಿನಲ್ಲಿ
ದೋಣಿ ತಪಾಸಣೆ ಮಾಡಿದ್ದೂ ಒಂದು ಅನುಭವವೇ?
ಆಮೇಲೆ, ದನಿ ತಗ್ಗಿಸಿ, ಹುಟ್ಟಿನ ಮಾತು:
ತಾಯಿ ಟೋಗೋ ಕಡೆಯವಳಂತೆ.

ಹುಟ್ಟು!
ಈ ದಡದಲ್ಲಿ ಆ ಮಾತಿಗೆ ಒಂದೇ ಅರ್ಥ,
ನೀರಿಗೆ ಅದ್ದಿ ಎಳೆಯುವುದು.
ಯಾವ ಕಾಡಿನ ಮರವೆಂದು ಯಾರೂ ಕೇಳುವುದಿಲ್ಲ.
ಬಿರುಕು ಬಿಟ್ಟಿದೆಯೇ, ಅಷ್ಟು ನೋಡುತ್ತೇವೆ.

ನಾನು ಅವಳ ಭಕ್ತನೇನಲ್ಲ, ಬರೆದಿಟ್ಟುಕೊಳ್ಳಿ.
ಹನ್ನೊಂದು ವರ್ಷದ ಹಿಂದೆ, ಹೊಸ ಫಸಲಿನ ಕಾಲ,
ನನ್ನ ನಾನೂರು ಯಾಮ್ ಗೆಡ್ಡೆ ದೋಣಿ ತುಂಬಿತ್ತು.
ಅವಳು ಮೊಣಕಾಲುದ್ದ ನೀರಿಗಿಳಿದು
ಸೀಮೆಸುಣ್ಣದಲ್ಲಿ ದೋಣಿಯ ಪಕ್ಕೆಗೆ ಗೀಟು ಹಾಕುತ್ತಾ
ತಲೆ ಎಣಿಸಿದಳು.
ಬೆನ್ನಿಗೆ ಕಟ್ಟಿದ ಕೂಸೂ ಒಂದು ತಲೆ.
ಅರವತ್ತರ ದೋಣಿಗೆ ಎಂಬತ್ತಮೂರು.
ಇಪ್ಪತ್ತಮೂರು ಜನ ಇಳಿಯಿರಿ ಅಂದಳು,
ಯಾರೂ ಇಳಿಯಲಿಲ್ಲ,
ಮೋಟರಿನ ಸ್ಪಾರ್ಕ್ ಪ್ಲಗ್ ಕಿತ್ತು ಜೇಬಿಗಿಟ್ಟುಕೊಂಡಳು.

ನಾಯಕರ ಅರಮನೆಯಿಂದ ಫೋನು ಬಂತು.
ಪಕ್ಷದ ಹುಡುಗರು ಮೋಟರ್‌ಸೈಕಲ್ ಏರಿ ಬಂದರು.
ಅವಳು ಹುರಿದ ಶೇಂಗಾ ತಿನ್ನುತ್ತಾ ಕೂತಿದ್ದಳು,
ಸಿಪ್ಪೆಯನ್ನೂ ಎಣಿಸುತ್ತಿದ್ದಳೇನೋ.

ಕೇಳಿ ಮೇಷ್ಟ್ರೇ, ಆ ದಿನ ಬಿರುಗಾಳಿ ಬರಲಿಲ್ಲ.
ಕಥೆಯಾಗಿದ್ದರೆ ಬರಬೇಕಿತ್ತು,
ಅಲೆ ಎದ್ದು, ಅವಳ ಮಾತು ನಿಜವಾಗಿ,
ನಾವೆಲ್ಲ ಕಾಲಿಗೆ ಬೀಳಬೇಕಿತ್ತು.
ಎಲೆ ಅಲುಗಲಿಲ್ಲ. ನೀರು ಕನ್ನಡಿ.
ಸಂತೆ ಮುಗಿಯಿತು, ಗೆಡ್ಡೆ ಕೊಳೆಯಿತು,
ಅವಳ ಏಳು ತಲೆಮಾರು ಹಿಡಿದು ಬೈದೆ.

ಎಷ್ಟೋ ದಿನದ ಮೇಲೆ, ಒಂದು ರಾತ್ರಿ, ನೆನಪಾಯಿತು:
ಆ ಎಂಬತ್ತಮೂರರಲ್ಲಿ ಒಂದು ಗೀಟು ನನ್ನ ಮಗಳದ್ದು.
ನಾನು ಗೆಡ್ಡೆ ಎಣಿಸಿದ್ದೆ.

ಈಗ ಅವಳು ಸಾಲದ ಬಗ್ಗೆ ಹೇಳಿದ್ದಕ್ಕೆ ನಗುತ್ತಿದ್ದಾರಲ್ಲ,
ತರುವ ಮೊದಲು ತೀರಿಸುವ ತಲೆ ಎಷ್ಟು ಎಣಿಸಿ,
ಹುಟ್ಟದ ಕೂಸನ್ನೂ ಸೇರಿಸಿ ಎಣಿಸಿ, ಅಂದದ್ದಕ್ಕೆ.
ಇದು ಅರ್ಥಶಾಸ್ತ್ರವಲ್ಲವಂತೆ.
ಇರಲಿಕ್ಕಿಲ್ಲ. ನಾನು ಓದಿದವನಲ್ಲ.
ಅರ್ಥಶಾಸ್ತ್ರ ಓದಿದವರೇ ತಂದ ಸಾಲ
ನನ್ನ ಸೀಮೆಎಣ್ಣೆಯ ಡಬ್ಬಿಯ ತಳದಲ್ಲಿ ಕೂತಿದೆ, ಅಷ್ಟು ಗೊತ್ತು.

ಎಲ್ಲ ಒಪ್ಪುತ್ತೇನೆಂದಲ್ಲ.
ಬಲೆ ಬೀಸುವ ಬಡವನ ದೋಣಿಗೂ ಲೈಸೆನ್ಸ್ ಶುಲ್ಕ,
ಅದು ತಪ್ಪು, ಅವಳ ಮುಖದ ಮೇಲೇ ಹೇಳಿದ್ದೇನೆ.
ಕೇಳಿದಳು. ಒಪ್ಪಲಿಲ್ಲ.
ಆದರೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಬರೆದುಕೊಂಡಳು.

ಅಷ್ಟಕ್ಕೂ ಉಪಾಧ್ಯಕ್ಷ ಪದವಿ ಅಂದರೇನು?
ದೋಣಿಯ ತಳದಲ್ಲಿ ಮಲಗಿದ ಎರಡನೆಯ ಹುಟ್ಟು.
ಮೋಟರು ಹಾಡುವ ತನಕ
ಅದರ ಮೇಲೆ ಕಾಲಿಡುತ್ತೇವೆ, ಮೀನುಬುಟ್ಟಿ ಇಡುತ್ತೇವೆ,
ಅಡ್ಡ ಬಂತೆಂದು ಒದೆಯುತ್ತೇವೆ.
ಅಣೆಕಟ್ಟಿನ ವರ್ಷ ಮುಳುಗಿದ ಮರಗಳು
ಇನ್ನೂ ನಿಂತೇ ಇವೆ ಕೆಳಗೆ, ತಮ್ಮ ಊರು ಕಾಯುತ್ತಾ.
ಅದರಲ್ಲೊಂದು ಬೊಡ್ಡೆಗೆ ತಗುಲಿ
ನಡುನೀರಿನಲ್ಲಿ ಮೋಟರು ಕೆಮ್ಮಿ ನಿಂತಾಗ
ಕತ್ತಲಲ್ಲಿ ಕೈ ತಡಕುವುದು ಅದನ್ನೇ.
ಆಗ ಅದಕ್ಕೆ ಹೊಳಪು ಹಚ್ಚಿದ್ದರೆಂಬುದು ಬೇಕಾಗುವುದಿಲ್ಲ.

ನಿಮ್ಮ ವೋಟು ನಿಮ್ಮದು.
ನೀವು ಅವರ ಕಡೆಯೇ ಹಾಕುತ್ತೀರಿ, ಗೊತ್ತು,
ಓದಿದವರು ಓದಿದವರಿಗೇ.

ಓ, ದೋಣಿ ಹೊರಟಿತು. ತಡೆಯಿರಿ,
ಎಣಿಸಿದೆ, ಐವತ್ತೊಂಬತ್ತು.
ನೀವು ಹತ್ತಿ ಮೇಷ್ಟ್ರೇ.
ನಾನು ಮುಂದಿನದರಲ್ಲಿ ಬರುತ್ತೇನೆ.